ಹೆಸರು ಹೊಡೆಸಿದ ಪಾತ್ರೆಗಳು

ಶಶಿರೇಖಾ ಟೀಚರ ತಲೆಗೆ ಒಂದು ವಿಚಾರ ಹೊಕ್ಕಿತೆಂದರೆ ಅದು ಮುಗಿಯುವ ತನಕ ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಒಂದು ವರ್ಷ ಅಕ್ಕಿಯನ್ನು ಮನೆಯಿಂದ ಹೊರಗಟ್ಟಿ ಎಲ್ಲರಿಗೂ ಸಾಮೆ, ನವಣೆ ತಿನ್ನಿಸಿದ್ದಳು. ಇನ್ನೊಂದು ವರ್ಷ ತಾರಸಿಯ ಮೇಲೆ ತರಕಾರಿ ಬೆಳೆದು ಊರ ಕೋತಿಗಳನ್ನೆಲ್ಲ ಸಾಕಿದ್ದಳು. ಈ ಸಲದ್ದು ಅವೆಲ್ಲಕ್ಕಿಂತ ದೊಡ್ಡದು. ಗುಂಡ್ಲುಪೇಟೆಯ ಎರಡು ಅಂತಸ್ತಿನ ಮನೆಯನ್ನು ಮಾರಿ ಚಾಮರಾಜನಗರದ ಎರಡು ಕೋಣೆಯ ಮನೆಗೆ ಹೋಗುವುದು. ಹೋಗುವಾಗ ನಿತ್ಯ ಬಳಸುವುದನ್ನು ಮಾತ್ರ ಒಯ್ಯುವುದು.

ಯಾರೂ ಅವಳನ್ನು ದೂಡಿರಲಿಲ್ಲ. ಹೈಸ್ಕೂಲಿನಿಂದ ನಿವೃತ್ತಳಾಗಿ ಒಂದು ವರ್ಷವಾಗಿತ್ತು. ಮೆಟ್ಟಿಲು ಹತ್ತಿದರೆ ಮಂಡಿ ಕಟಕಟ ಎನ್ನುತ್ತಿತ್ತು. ಇರುವ ಇಬ್ಬರಿಗೆ ಏಳು ಕೋಣೆ. ದಿನಾ ಬೆಳಗ್ಗೆ ಯಾರೂ ಕೂರದ ಕುರ್ಚಿಗಳ ಧೂಳು ಒರೆಸುವುದೇ ಒಂದು ನೌಕರಿ. ಮಗಳು ನಯನಾ ಚಾಮರಾಜನಗರದಲ್ಲಿ ನರ್ಸಾಗಿದ್ದಳು, ಅಲ್ಲಿಗೇ ಮದುವೆಯಾಗಿದ್ದಳು. ಮನೆ ಕೊಳ್ಳಲು ವಯನಾಡಿನ ಚೆಂಡುಹೂವಿನ ವ್ಯಾಪಾರಿಯೊಬ್ಬರು ಮುಂದೆ ಬಂದಾಗ ಶಶಿರೇಖಾ ಎರಡನೇ ಮಾತಾಡಲಿಲ್ಲ.

ಇದಕ್ಕೆಲ್ಲ ಮೂಲ ಫೋನಿನಲ್ಲಿ ನೋಡಿದ ವಿಡಿಯೋಗಳು. ಬೆಳ್ಳಗಿನ ಗೋಡೆ, ಒಂದು ಚಾಪೆ, ಒಂದು ಹೂಜಿ, ಅದರ ಪಕ್ಕ ನಗುನಗುತ್ತ ಕೂತ ಮನುಷ್ಯರು. ಒಂದು ವರ್ಷ ಕೈ ಮುಟ್ಟದ ವಸ್ತು ನಿಮ್ಮದಲ್ಲ ಎಂದು ಅವರು ಹೇಳುತ್ತಿದ್ದರು. ಅವಳು ಅದನ್ನು ಗಂಡ ಶಿವರುದ್ರಸ್ವಾಮಿಗೆ ಓದಿ ಹೇಳಿದಾಗ ಅವರು ಪೇಪರ್ ಕೆಳಗಿಳಿಸದೆಯೇ, "ಅಂಗಾದ್ರೆ ನಿನ್ ಬಿ.ಎಡ್. ಸರ್ಟಿಫಿಕೇಟೂ ಆಚೆ ಎಸಿ" ಎಂದರು. ಕೃಷಿ ಇಲಾಖೆಯಲ್ಲಿದ್ದು ಪೆನ್ಷನ್ ಪಡೆದ ಮನುಷ್ಯ. ಕಡ್ಡಿ ಮುರಿದ ಕೊಡೆಯನ್ನೂ ಬಿಸಾಡದ ಜಾತಿ. ಇವರು ಎದುರಿಗಿದ್ದರೆ ಒಂದು ಮೊಳೆಯೂ ಮನೆಯಿಂದ ಹೊರಗೆ ಹೋಗದು ಎಂದು ತಿಳಿದ ಶಶಿರೇಖಾ, ಹೊಸ ಮನೆಗೆ ಬಣ್ಣ ಹೊಡೆಸುವ ನೆಪ ಮಾಡಿ ಅವರನ್ನು ಒಂದು ವಾರ ಚಾಮರಾಜನಗರಕ್ಕೆ ಸಾಗಹಾಕಿದಳು.

ಆಮೇಲೆ ಸೆರಗು ಸಿಕ್ಕಿಸಿ ನಿಂತಳು. ಒಯ್ಯುವುದು, ಕೊಡುವುದು ಎಂದು ಎರಡು ರಾಶಿ. ಮೊದಮೊದಲು ಕೈ ಸರಾಗವಾಗಿಯೇ ಓಡಿತು. ಮೇಲಿನ ಕೋಣೆಗಳ ಮಂಚ, ಬೀರು, ಹೊಲಿಗೆ ಮಿಷನ್ನು ಹೋದವು. ನಯನಾಳ ಶಾಲೆಯ ಲಂಗ ಕೈಗೆ ಬಂದಾಗ ಮಡಿಸಿ, ಮತ್ತೆ ಬಿಡಿಸಿ ನೋಡಿದಳು. ಮೊಣಕೈ ಹತ್ತಿರ ಶಾಯಿಯ ಕಲೆಯಿದ್ದ ತನ್ನದೇ ಹಳೆಯ ಹತ್ತಿ ಸೀರೆ ಸಿಕ್ಕಾಗ, ಪರೀಕ್ಷೆಯ ಪೇಪರ್ ತಿದ್ದುತ್ತಿದ್ದ ಏಪ್ರಿಲ್ ತಿಂಗಳ ಮಧ್ಯಾಹ್ನಗಳು, ಹಿತ್ತಲಿನಲ್ಲಿ ಒಣಗುತ್ತಿದ್ದ ಹಪ್ಪಳದ ವಾಸನೆ, ಹಪ್ಪಳ ಕದ್ದು ಓಡುತ್ತಿದ್ದ ಮಗಳು, ಎಲ್ಲ ಒಟ್ಟಿಗೆ ನೆನಪಾಯಿತು. ಆ ಮಧ್ಯಾಹ್ನಗಳಿಗೆ ಹಿಂದಿರುಗಿ ಹೋಗಬೇಕೆನಿಸಿತು. ಅಷ್ಟು ಆಸೆ ತನಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಕಣ್ಣೊರೆಸಿಕೊಂಡು ಸೀರೆಯನ್ನು ಕೊಡುವ ರಾಶಿಗೇ ಹಾಕಿದಳು.

ಅಟ್ಟದ ಪಾತ್ರೆಗಳ ಹತ್ತಿರ ಬಂದಾಗ ಮಾತ್ರ ಅವಳ ಗಾಡಿ ನಿಂತಿತು. ನಮ್ಮ ಕಡೆ ಮದುವೆಗೆ ಪಾತ್ರೆ ಕೊಡುವವರು ಸುಮ್ಮನೆ ಕೊಡುವುದಿಲ್ಲ. ಅಂಗಡಿಯಲ್ಲೇ ಕೂತು, ಚುಕ್ಕಿ ಚುಕ್ಕಿಯಾಗಿ ತಮ್ಮ ಹೆಸರು, ಊರು ಹೊಡೆಸಿ, ಅಕ್ಷರ ಸರಿಯಾಗಿದೆಯೇ ಎಂದು ಎರಡು ಸಲ ನೋಡಿ ಆಮೇಲೆ ಕೊಡುವುದು. ಯಾರು ಏನು ಕೊಟ್ಟರೆಂಬುದು ಮೊಮ್ಮಕ್ಕಳ ಕಾಲಕ್ಕೂ ತಿಳಿಯಬೇಕಲ್ಲ. ಹಾಗೆ ಮೂವತ್ತನಾಲ್ಕು ವರ್ಷದ ಹಿಂದೆ ಬಂದ ಹಿತ್ತಾಳೆ, ತಾಮ್ರವೆಲ್ಲ ಕಪ್ಪುಗಟ್ಟಿ ಅಟ್ಟದಲ್ಲಿ ಕೂತಿತ್ತು. ತೂಕಕ್ಕೆ ಹಾಕಲು ಮನಸ್ಸು ಬರಲಿಲ್ಲ. ಹೆಸರುಳ್ಳವರನ್ನು ಹಾಗೆ ಗುಜರಿಗೆ ಕಳಿಸುವುದುಂಟೇ? ಆಗ ಟೀಚರ ತಲೆಗೆ ಒಂದು ದಾರಿ ಹೊಳೆಯಿತು. ಯಾರ ಹೆಸರಿದೆಯೋ ಅವರವರಿಗೇ ಹಿಂದಿರುಗಿಸಿಬಿಡುವುದು. ಇದಕ್ಕಿಂತ ಒಳ್ಳೆಯ ಮರ್ಯಾದೆ ಇನ್ನೇನಿದೆ ಎಂದು ಅವಳಿಗೆ ತನ್ನ ಬುದ್ಧಿಯ ಬಗ್ಗೆ ತನಗೇ ಖುಷಿಯಾಯಿತು.

ಮೊದಲು ಹಿತ್ತಾಳೆಯ ಪರಾತವೊಂದನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿ ಹಂಗಳಕ್ಕೆ ಹೋದಳು. ಹಂಗಳ ಗಂಡನ ಹುಟ್ಟೂರು. ಪರಾತ ಕೊಟ್ಟಿದ್ದ ಗುರುಮಲ್ಲಮ್ಮ ಗಂಡನ ದೊಡ್ಡಪ್ಪನ ಸೊಸೆ. ವಯಸ್ಸಿನಲ್ಲಿ ಹಿರಿಯರು, ಶಶಿರೇಖಾಗೆ ಅಕ್ಕನ ಹಾಗೆ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದವರು ಪರಾತ ನೋಡಿ ಕೈ ನಿಲ್ಲಿಸಿದರು.

"ಇದ್ಯಾಕವ್ವ ತಂದೆ?"

"ನಿಮ್ಮದೇ ಅಲ್ವಾ ಗುರುಮಲ್ಲಕ್ಕ. ನಿಮ್ಮ ಹೆಸರೇ ಇದೆ ನೋಡಿ."

"ಎಸ್ರು ನಂದೇ. ಕೊಟ್ಟಿದ್ದು ನಿಂಗಲ್ವಾ? ನಮ್ಮಿಂದ ಏನಾರ ತಪ್ಪಾಯ್ತಾ?"

ಶಶಿರೇಖಾ ನಕ್ಕು, ಸಣ್ಣ ಮನೆಯ ವಿಷಯ, ವಿಡಿಯೋದವರು ಹೇಳಿದ ನಿಯಮ, ಎಲ್ಲ ವಿವರಿಸಿದಳು. ಗುರುಮಲ್ಲಮ್ಮ ಗಲ್ಲಕ್ಕೆ ಕೈಯಿಟ್ಟು ಕೇಳಿದರು. "ಆ ವಿಡಿಯೋದೋರು ಯಾವೂರೋರು?" ಎಂದರು.

"ಗೊತ್ತಿಲ್ಲ."

"ಅದ್ಕೇ ಮತ್ತೆ" ಎಂದು ಗುರುಮಲ್ಲಮ್ಮ ಮತ್ತೆ ಅವರೆಕಾಯಿಗೆ ಕೈ ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತದೆ ಕೇಳಿದರು. "ಉಮ್ಮತ್ತೂರ್ದೂ ಕೊಟ್ಬುಡ್ತೀಯಾ?"

"ಅದೇ ದೊಡ್ಡದು. ಅದನ್ನ ಇಟ್ಟುಕೊಳ್ಳೋಕೆ ಅಲ್ಲಿ ಜಾಗವೇ ಇಲ್ಲ."

"ಕೊಡಂಗಿದ್ರೆ ನೀನೇ ಓಗಿ ಕೊಡು. ಬ್ಯಾರೇರ ಕೈಲಿ ಕಳಿಸ್ಬ್ಯಾಡ."

"ಯಾಕೆ?"

"ಸುಮ್ನೆ ಏಳ್ದೆ ಕಣವ್ವ" ಎಂದು ಅವರು ಮಾತು ಮುಗಿಸಿದರು. ಹೊರಡುವಾಗ ಮಡಿಲಿಗೆ ಎರಡು ಹಿಡಿ ಅವರೆಕಾಳು ಹಾಕಿದರು. ಬಸ್ಸಿನ ಕಿಟಕಿಯಿಂದ ಗೋಪಾಲಸ್ವಾಮಿ ಬೆಟ್ಟದ ಮೇಲಿನ ಮಂಜು ನೋಡುತ್ತ ಶಶಿರೇಖಾ ಆ ಮಾತನ್ನು ಅಲ್ಲಿಗೇ ಮರೆತಳು.

ಉಮ್ಮತ್ತೂರಿನದೆಂದರೆ ಅತ್ತಿಗಮ್ಮನದು. ಶಿವರುದ್ರಸ್ವಾಮಿಯ ಅಕ್ಕ ಶಾಂತಮಲ್ಲಮ್ಮ. ತಮ್ಮನ ಮದುವೆಗೆ ಅವರು ಕೊಟ್ಟಿದ್ದು ಒಂದು ತಾಮ್ರದ ಹಂಡೆ, ಒಂದು ಕೊಳಗ, ಎರಡು ಬಿಂದಿಗೆ. ಎಲ್ಲಕ್ಕೂ 'ಶಾಂತಮಲ್ಲಮ್ಮ, ಹಂಗಳ' ಎಂದು ಹೊಡೆಸಿತ್ತು. ಕೊಟ್ಟ ಊರು ಉಮ್ಮತ್ತೂರಾದರೂ ತವರಿನ ಹೆಸರು ಯಾಕೆ ಹೊಡೆಸಿದರೋ ಎಂದು ಶಶಿರೇಖಾ ಒಮ್ಮೆ ಅಂದುಕೊಂಡಿದ್ದಳು, ಕೇಳಿರಲಿಲ್ಲ.

ಹುಣಸೆಹಣ್ಣು, ಬೂದಿ ಹಾಕಿ ಹಂಡೆ ಉಜ್ಜಲು ಹಿತ್ತಲಿನಲ್ಲಿ ಕೂತಳು. ಕಪ್ಪು ಬಿಟ್ಟು ತಾಮ್ರ ಕೆಂಪಗೆ ಕಂಡಂತೆ ಅವಳಿಗೆ ನಯನಾ ಹುಟ್ಟಿದ ವರ್ಷ ಕಣ್ಣಿಗೆ ಕಟ್ಟಿತು. ಶಶಿರೇಖಾ ನಂಜನಗೂಡಿನ ಪೇಟೆಯ ಮಗಳು. ಮದುವೆಗೆ ಮುಂಚೆಯೇ ತಾಯಿ ಹೋಗಿದ್ದರು. ಬಾಣಂತನ ಯಾರು ಮಾಡಬೇಕೆಂದು ಎಲ್ಲರೂ ಮುಖ ಮುಖ ನೋಡುತ್ತಿದ್ದಾಗ ಉಮ್ಮತ್ತೂರಿನಿಂದ ಅತ್ತಿಗಮ್ಮ ಒಂದು ಕೈಚೀಲ ಹಿಡಿದು ಬಂದು ಇಳಿದರು. ಬಂದವರು ಮೂರು ತಿಂಗಳು ಕದಲಲಿಲ್ಲ. ಬೆಳಗಿನ ಜಾವ ಎದ್ದು ಇದೇ ಹಂಡೆಗೆ ಉರಿ ಹಾಕಿ, ಬೇವಿನ ಸೊಪ್ಪು ಕುದಿಸಿ, ಬೆನ್ನಿಗೆ ಸುರಿಯುತ್ತಿದ್ದರು. "ತಡ್ಕ ಕಣಮ್ಮಿ, ಈಗ ತಡ್ಕಂಡ್ರೆ ವಯಸ್ಸಾದ್ಮೇಲೆ ಸೊಂಟ ನಿಲ್ತದೆ" ಎನ್ನುತ್ತಿದ್ದರು. ಸಂಜೆ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತ ಅವರು ಹೇಳುತ್ತಿದ್ದ ಸೋಬಾನೆ ಪದದ ಧಾಟಿ ಶಶಿರೇಖಾಗೆ ಇನ್ನೂ ಕಿವಿಯಲ್ಲಿತ್ತು. ತಾಯಿಯಿಲ್ಲವೆಂಬುದು ಆ ಮೂರು ತಿಂಗಳು ಅವಳಿಗೆ ಮರೆತುಹೋಗಿತ್ತು. ಆಮೇಲೂ ಆ ಮನೆಯಲ್ಲಿ ಅವಳನ್ನು ಕಣಮ್ಮಿ ಎಂದು ಗದರುವ ಹಕ್ಕು ಒಬ್ಬರಿಗೇ ಇತ್ತು, ಅವರಿಂದ ಗದರಿಸಿಕೊಳ್ಳುವುದು ಅವಳಿಗೆ ಹಿತವೂ ಆಗಿತ್ತು.

ಇಷ್ಟೆಲ್ಲ ನೆನೆದು, ಕಣ್ಣು ತುಂಬಿಕೊಂಡು, ಟೀಚರು ಮಾಡಿದ್ದೇನು? ಮಾರನೆಯ ದಿನ ಲಗೇಜ್ ಆಟೋದ ಚಿಕ್ಕಮಾದುವನ್ನು ಕರೆದು, ಹಂಡೆ, ಕೊಳಗ, ಬಿಂದಿಗೆಗಳನ್ನು ಹೇರಿಸಿ ಉಮ್ಮತ್ತೂರಿಗೆ ಕಳಿಸಿದಳು. ತಾನೂ ಹೋಗಬೇಕೆಂದೇ ಇತ್ತು. ಮಂಡಿ ನೋಯುತ್ತಿತ್ತು, ಮನೆ ಕೊಂಡವರು ಅಳತೆಗೆ ಬರುವವರಿದ್ದರು. ಸಂಜೆ ಫೋನು ಮಾಡಿ ಹೇಳಿದರಾಯಿತು ಎಂದುಕೊಂಡಳು. ನಮ್ಮವರೇ ಅಲ್ಲವೇ ಎಂಬ ಸದರ. ದೂರದವರಾಗಿದ್ದರೆ ಖಂಡಿತ ಹೋಗುತ್ತಿದ್ದಳು.

ಮಧ್ಯಾಹ್ನ ಮೂರರ ಹೊತ್ತಿಗೆ ಚಿಕ್ಕಮಾದು ಹಿಂದಿರುಗಿದ.

"ಅತ್ತಿಗಮ್ಮ ಏನಂದ್ರು?"

"ಏನೂ ಅನ್ನಿಲ್ಲ ಮೇಡಮ್ಮಾರೆ. ಆಟೋ ಒಳಿಕ್ಕೆ ಎರಡು ಸತಿ ಬಗ್ಗಿ ನೋಡುದ್ರು. ಯಾರ್ ಕಳ್ಸುದ್ರು ಅಂದ್ರು. ಗುಂಡ್ಲುಪೇಟೆ ಟೀಚರಮ್ಮ ಅಂದೆ. ಜಗಲಿ ಮ್ಯಾಲೆ ಇಳಿಸ್ಬುಡು ಅಂದ್ರು, ಇಳಿಸ್ಬುಟ್ಟೆ. ನೀರ್ ಬೇಕಾ ಅಂತ ಕೂಡ ಕೇಳ್ನಿಲ್ಲ."

ಬಂದವರಿಗೆ ಊಟ ಹಾಕದೆ ಕಳಿಸದ ಮನೆ ಅದು. ಶಶಿರೇಖಾ ಸಂಜೆ ಫೋನು ಮಾಡಿದಳು, ಎತ್ತಲಿಲ್ಲ. ಬೆಳಗ್ಗೆ ಮಾಡಿದಳು, ಎತ್ತಲಿಲ್ಲ. ಎರಡನೆಯ ದಿನ ಅತ್ತಿಗಮ್ಮನ ಮಗ ಸಾಗರ್ ಎತ್ತಿ, "ಅವ್ವ ಹೊಲದ ಕಡೆ ಹೋಗವ್ಳೆ ಅತ್ತೆ" ಎಂದು ಇಟ್ಟುಬಿಟ್ಟ. ಎಪ್ಪತ್ತೆರಡು ವರ್ಷದ ಹೆಂಗಸು ರಾತ್ರಿ ಎಂಟಕ್ಕೆ ಯಾವ ಹೊಲಕ್ಕೆ ಹೋಗುತ್ತಾರೆ? ಶಶಿರೇಖಾ ಫೋನು ಕೆಳಗಿಟ್ಟಳು. ಖಾಲಿಯಾದ ಅಟ್ಟ ನೋಡಿದರೆ ಹಗುರವೆನಿಸಲಿಲ್ಲ. ವಿಡಿಯೋದವರು ಹೇಳಿದ ಆ ನೆಮ್ಮದಿ ಯಾವ ಮೂಲೆಯಲ್ಲೂ ಕಾಣಲಿಲ್ಲ.

ಮೂರನೆಯ ದಿನ ಸಂಜೆಯ ಬಸ್ಸಿಗೆ ಶಿವರುದ್ರಸ್ವಾಮಿ ಹೇಳದೆ ಕೇಳದೆ ಬಂದರು. ಶರ್ಟಿನ ತೋಳಿಗೆ ಬಣ್ಣ ಮೆತ್ತಿತ್ತು. ಚಪ್ಪಲಿ ಬಿಡುವ ಮೊದಲೇ ಕೇಳಿದರು.

"ಅಕ್ಕನ ಪಾತ್ರೆ ವಾಪಸ್ ಕಳಿಸ್ದಾ?"

"ಹೌದು. ಯಾಕೆ?"

"ಸಾಗರ ಫೋನ್ ಮಾಡಿದ್ದ. ಮೂರು ದಿನದಿಂದ ಅಕ್ಕ ಸರಿಯಾಗಿ ಉಣ್ತಿಲ್ಲ. ಮಾವ, ನಮ್ಮಿಂದ ಏನು ತಪ್ಪಾಯ್ತು ಅಂತ ಕೇಳ್ತಾನೆ."

ಅವರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಮೇಲಾಗುತ್ತಿತ್ತು. ಮೆಟ್ಟಿಲ ಮೇಲೆ ಕೂತು, "ನಿಂಗೆ ಯಾರೂ ಹೇಳಿಲ್ಲ ಅಲ್ವಾ. ತಪ್ಪು ನಮ್ದೇ" ಎಂದರು. ಆಮೇಲೆ ಮೂವತ್ತನಾಲ್ಕು ವರ್ಷ ಮನೆಯಲ್ಲಿ ಯಾರೂ ಬಾಯಿ ಬಿಡದ ಸಂಗತಿಯನ್ನು ಹೇಳಿದರು.

ಉಮ್ಮತ್ತೂರು ಅಕ್ಕನ ಎರಡನೆಯ ಮದುವೆ. ಅದಕ್ಕೂ ಮೊದಲು, ಹದಿನೆಂಟಕ್ಕೆ, ತೆರಕಣಾಂಬಿಯ ಆಚೆ ಒಂದು ಹಳ್ಳಿಗೆ ಕೊಟ್ಟಿದ್ದರು. ಒಂದು ವರ್ಷ ಕಳೆಯುವಷ್ಟರಲ್ಲಿ ಅವರಿಗೆ ಇವಳು ಒಗ್ಗಲಿಲ್ಲ. ತಪ್ಪು ಏನೆಂದು ಅವರೂ ಹೇಳಲಿಲ್ಲ. ಯಾವುದೋ ಹಬ್ಬಕ್ಕೆ ತವರಿಗೆ ಬಂದವಳನ್ನು ಕರೆದೊಯ್ಯಲಿಲ್ಲ. ಒಂದು ದಿನ ಎತ್ತಿನ ಗಾಡಿಯಲ್ಲಿ ಪಾತ್ರೆಗಳು ಬಂದವು. ಆ ಕಾಲಕ್ಕೆ ನಮ್ಮಲ್ಲಿ ಬಿಡುಗಡೆಯೆಂದರೆ ಕಾಗದವಲ್ಲ, ಕೋರ್ಟಲ್ಲ. ಹೆಣ್ಣಿನ ಕಡೆಯವರು ಕೊಟ್ಟ ಪಾತ್ರೆ ಹಿಂದಿರುಗಿದರೆ ನಂಟು ಕಡಿಯಿತೆಂದು ಅರ್ಥ. ಊರ ಯಜಮಾನರು ಅಂಗಳದಲ್ಲಿ ನಿಂತು ಒಂದೊಂದೇ ಪಾತ್ರೆಯ ಮೇಲಿನ ಹೆಸರು ಓದಿ, ಸರಿಯಿದೆಯೇ ಎಂದು ಕೇಳಿ ಇಳಿಸಿಕೊಂಡರು. ಊರೆಲ್ಲ ನಿಂತು ನೋಡಿತು. ಅಕ್ಕ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ತಾಯಿ ಆ ಪಾತ್ರೆಗಳನ್ನು ಒಳಗೆ ತರಲು ಬಿಡಲಿಲ್ಲ. ಮೂರು ತಿಂಗಳು ಜಗಲಿಯ ಮೇಲೇ ಬಿದ್ದಿದ್ದವು.

"ನಂಗೆ ಆಗ ಹತ್ತು ವರ್ಷ. ಆ ಪಾತ್ರೆಗಳ ಮೇಲೆ ಹತ್ತಿ ಆಟ ಆಡ್ತಿದ್ದೆ" ಎಂದರು ಶಿವರುದ್ರಸ್ವಾಮಿ.

"ಹಂಡೆ?" ಎಂದಳು ಶಶಿರೇಖಾ. ಕೇಳುವಾಗಲೇ ಅವಳಿಗೆ ಉತ್ತರ ತಿಳಿದಿತ್ತು.

"ಅದೇ ಹಂಡೆ. ಅಕ್ಕನ ಹೆಸರು ನಮ್ಮಪ್ಪ ಆ ಮದುವೆಗೇ ಹೊಡೆಸಿದ್ದು. ಉಮ್ಮತ್ತೂರಿಗೆ ಹೋಗುವಾಗ ಅಕ್ಕ ಅದನ್ನ ಒಯ್ಯಲಿಲ್ಲ. ಹಂಗಳದಲ್ಲೇ ಮೂಲೆಯಲ್ಲಿತ್ತು. ನಮ್ಮ ಮದುವೆಗೆ ತಾನೇ ಬಂದು ಉಜ್ಜಿ ತೊಳೆದು ಕೊಟ್ಟಳು. ಇದು ಹೋದ ಮನೇಲಿ ಉಳೀಬೇಕು ಕಣ್ಲಾ, ನಿನ್ನ ಹೆಂಡ್ತಿ ಉಳಿಸ್ಕತಾಳೆ ಅಂದಿದ್ಲು."

ಶಶಿರೇಖಾ ಅವರ ಪಕ್ಕ ಮೆಟ್ಟಿಲ ಮೇಲೆ ಕೂತಳು. ಗುರುಮಲ್ಲಮ್ಮ ಅವರೆಕಾಯಿಯಿಂದ ಕಣ್ಣೆತ್ತದೆ ಹೇಳಿದ ಮಾತು ಈಗ ಅರ್ಥವಾಯಿತು. ಸಾವಿರ ಮಕ್ಕಳಿಗೆ ಪಾಠ ಹೇಳಿದ್ದೆನೆಂಬ ಹಮ್ಮು ಅವಳಿಗೆ ಆ ಹೊತ್ತು ಒಂದಿಷ್ಟೂ ಉಳಿಯಲಿಲ್ಲ. ತಾಯಿಯ ಜಾಗದಲ್ಲಿ ನಿಂತವರನ್ನು, ಹತ್ತೊಂಬತ್ತರಲ್ಲಿ ಅವರು ನಿಂತಿದ್ದಂಥ ಬಾಗಿಲಲ್ಲೇ ಮತ್ತೊಮ್ಮೆ ನಿಲ್ಲಿಸಿದೆ ಎಂದುಕೊಂಡಳು. ಅತ್ತಿಗಮ್ಮ ಇನ್ನು ತನ್ನನ್ನು ಎಂದಿಗೂ ಕಣಮ್ಮಿ ಎನ್ನದಿದ್ದರೆ? ಅದೊಂದೇ ಭಯ. ಮನೆ, ಮಾರಾಟ, ಹೊಸ ಬಣ್ಣ, ಒಂದೂ ತಲೆಯಲ್ಲಿರಲಿಲ್ಲ.

ಬೆಳಗಾಗುತ್ತಲೇ ಹೊರಟರು. ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಉಮ್ಮತ್ತೂರಿನ ಬಸ್ಸಿಗೆ ಅರ್ಧ ಗಂಟೆ ಕಾಯಬೇಕಾಯಿತು. ಶಿವರುದ್ರಸ್ವಾಮಿ ಬಾಳೆಹಣ್ಣು ತಂದರು, ಅವಳು ಮುಟ್ಟಲಿಲ್ಲ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ವಾಕ್ಯ ಕಟ್ಟಿದಳು, ಅಳಿಸಿದಳು.

ಬೀದಿಯ ತಿರುವಿನಿಂದಲೇ ಜಗಲಿ ಕಾಣಿಸಿತು. ಹಂಡೆ, ಕೊಳಗ, ಬಿಂದಿಗೆಗಳು ಚಿಕ್ಕಮಾದು ಇಳಿಸಿದ ಹಾಗೇ ಇದ್ದವು. ಬಾಗಿಲಲ್ಲಿ ಸಾಗರ್ ನಿಂತಿದ್ದ, ಹಂಡೆಯ ಪಕ್ಕದಲ್ಲಿ ಶಾಂತಮಲ್ಲಮ್ಮ ಕಾಲು ಮಡಿಸಿ ಕೂತಿದ್ದರು. ಇವರನ್ನು ಕಂಡು ಎದ್ದು ನಿಂತು ಸೆರಗು ಹೊದ್ದರು.

"ಬನ್ನಿ ಟೀಚರಮ್ಮ. ಕುತ್ಕಳಿ. ಬಿಸಿಲಲ್ಲಿ ಬಂದಿದ್ದೀರಿ. ನೀರ್ ಕುಡೀತೀರಾ?"

ಶಶಿರೇಖಾಗೆ ಯಾರೋ ಕೆನ್ನೆಗೆ ಬಾರಿಸಿದಂತಾಯಿತು. ಮೂವತ್ತನಾಲ್ಕು ವರ್ಷದಲ್ಲಿ ಅವರು ಅವಳಿಗೆ ಬಹುವಚನ ಹಚ್ಚಿದ್ದು ಇದೇ ಮೊದಲು. ಕಟ್ಟಿಕೊಂಡು ಬಂದ ವಾಕ್ಯಗಳೆಲ್ಲ ಮರೆತುಹೋದವು. ಕೂರದೆ ಅವರ ಮುಂದೆ ನಿಂತೇ ಹೇಳಿದಳು.

"ಅತ್ತಿಗಮ್ಮ, ನನಗೆ ಗೊತ್ತಿರಲಿಲ್ಲ. ನಿನ್ನೆ ಇವರು ಹೇಳಿದರು."

ಶಾಂತಮಲ್ಲಮ್ಮ ತಮ್ಮನ ಕಡೆ ನೋಡಿದರು. "ಏಳ್ಬುಟ್ಟಾ?"

"ಊ ಕಣಕ್ಕ."

"ಐವತ್ತು ವರ್ಸದ ಮಾತ." ಅವರು ಮತ್ತೆ ಕೂತರು. ಬೀದಿಯ ಕಡೆಗೇ ನೋಡುತ್ತ ಮೆಲ್ಲಗೆ ಮಾತಾಡಿದರು. "ಅಂಡೆ ಬಂತು ಅಂತ ನಂಗೆ ಬ್ಯಾಸ್ರ ಇಲ್ಲ. ಸಣ್ಣ ಮನೆಗೆ ಓಯ್ತಿದ್ದೀರಿ, ಇಷ್ಟು ದೊಡ್ಡದ ಮಡಿಕಂಡು ಏನ್ ಮಾಡೀರಿ. ಮಾರ್ಬುಡ್ತೀನಿ ಅಂದಿದ್ರೂ ಊ ಅಂತಿದ್ದೆ. ಆಟೋ ಬಂದು ನಿಂತ್ಕತು. ಆವಯ್ಯ ಒಂದೊಂದಾಗಿ ಇಳಿಸ್ದ. ನೀವೂ ಬಂದಿದ್ದೀರೇನೋ ಅಂತ ಒಳಿಕ್ಕೆ ಬಗ್ಗಿ ನೋಡ್ದೆ. ಎರಡು ಸತಿ ನೋಡ್ದೆ."

ಶಶಿರೇಖಾ ಅವರ ಪಕ್ಕ ನೆಲದ ಮೇಲೆ ಕೂತಳು. ಮಂಡಿ ನೋವು ನೆನಪಿಗೂ ಬರಲಿಲ್ಲ. "ತಪ್ಪಾಯ್ತು ಅತ್ತಿಗಮ್ಮ. ಈಗಲೇ ವಾಪಸ್ ತಗೊಂಡು ಹೋಗ್ತೀನಿ. ಜಾಗ ಇಲ್ಲದಿದ್ದರೆ ನನ್ನ ಮಂಚ ಆಚೆ ಹಾಕ್ತೀನಿ" ಎಂದಳು. ಅಳಬಾರದೆಂದುಕೊಂಡಿದ್ದರೂ ಅಳು ಬಂದೇಬಂತು.

ಶಾಂತಮಲ್ಲಮ್ಮ ಅವಳನ್ನು ನೋಡಿದರು. ಆಮೇಲೆ ತಮ್ಮನ ಕಡೆ ತಿರುಗಿ, "ಏನ್ಲಾ ನಿಂತ್ಕಂಡು ನೋಡ್ತೀಯೆ, ಅಂಡೆ ಎತ್ತು. ಸಾಗರಾ, ನೀನು ಒಂದ್ಕಡಿಕೆ ಇಡ್ಕ. ಒಳಗ ಬಚ್ಚಲ ಕ್ವಾಣೇಲಿ ಮಡಗಿ. ಇದು ಶಶೀದು, ಇಲ್ಲಿರ್ತದೆ ಅಷ್ಟೆ. ನಮ್ ಮನೇಲಿ ಜಾಗಕ್ಕೇನ್ ಬರ" ಎಂದರು.

ಮಾವ, ಅಳಿಯ ಸೇರಿ ಹಂಡೆ ಎತ್ತಿದರು. ಕೊಳಗ, ಬಿಂದಿಗೆಗಳೂ ಒಂದೊಂದಾಗಿ ಒಳಗೆ ಹೋದವು. ಅವು ಇದ್ದ ಕಡೆ ಜಗಲಿಯ ಮೇಲೆ ಮಣ್ಣಿನ ದುಂಡನೆಯ ಗುರುತು ಉಳಿದಿತ್ತು. ಶಾಂತಮಲ್ಲಮ್ಮ ಅದನ್ನು ಅಂಗೈಯಲ್ಲಿ ಒರೆಸುತ್ತ ಹೇಳಿದರು.

"ಅವತ್ತೂ ಇಂಗೇ ಬರೀ ಪಾತ್ರೆ ಬಂದೊ. ಹಿಂದೇನೆ ಯಾರಾರ ಬಂದಾರು, ಏನೋ ತಪ್ಪಾಯ್ತು, ಬಾ ಓಗನ ಅಂತ ಕರೆದಾರು ಅನ್ಕಂಡು ಮೂರ್ ತಿಂಗ್ಳು ಜಗಲಿ ಮ್ಯಾಲೆ ಕುಂತು ದಾರಿ ನೋಡ್ದೆ. ಆ ಪಾತ್ರೆ ಒಳಿಕ್ಕೆ ತರಬ್ಯಾಡಿ ಅಂದೋಳು ನಾನೇ, ನಮ್ಮವ್ವ ಅಲ್ಲ. ಒಳಿಕ್ಕೆ ತಂದ್ರೆ ಮುಗೀತು ಅಂತಾಯ್ತದಲ್ಲ. ಯಾರೂ ಬರ್ನಿಲ್ಲ. ಈ ಮೂರ್ ದಿನಾನೂ ಅಂಗೇ ಕುಂತಿದ್ದೆ ಕಣಮ್ಮಿ. ನೀನು ಬತ್ತೀಯ ಅನ್ನೋ ನಂಬ್ಕೆ ನಂಗಿರ್ನಿಲ್ಲ."

ಶಶಿರೇಖಾ ಮಣ್ಣಾದ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಏನು ಹೇಳಬೇಕೆಂದು ಈ ಸಲ ಅವಳಿಗೆ ಯೋಚಿಸಬೇಕಾಗಲಿಲ್ಲ.

"ತಪ್ಪಾಯ್ತು ಅತ್ತಿಗಮ್ಮ. ಬನ್ನಿ, ಹೋಗನ" ಎಂದಳು.

ಶಾಂತಮಲ್ಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು, ಭುಜ ಅಲುಗಿತು. ಆಮೇಲೆ ಕಣ್ಣೊರೆಸಿಕೊಂಡು, "ಇರು, ಎರಡು ಸೀರೆ ತಕ್ಕಬತ್ತೀನಿ" ಎಂದು ಎದ್ದು ಒಳಗೆ ಹೋದರು.